ಕಡಲು ಬೇಡವೆಂದು ಬರೆದುಕೊಟ್ಟವರು

ಅಮೆರಿಕದ ಬೇ ಏರಿಯಾದ ಕನ್ನಡದವರ ಮನೆಗೆ ಊರಿನಿಂದ ಹಿರಿಯರು ಬಂದರೆ ಮೊದಲ ವಾರ ಜೆಟ್‌ಲ್ಯಾಗು, ಎರಡನೇ ವಾರ ದೇವಸ್ಥಾನ, ಮೂರನೇ ವಾರ ಚೈನೀಸ್ ಬಸ್ಸು. ಇದನ್ನು ಯಾರೂ ಬರೆದಿಟ್ಟಿಲ್ಲ, ಆದರೂ ಎಲ್ಲರೂ ಪಾಲಿಸುತ್ತಾರೆ. ಚೈನೀಸ್ ಬಸ್ಸು ಎಂದರೆ ಇಲ್ಲಿಯ ಚೀನೀ ಟ್ರಾವೆಲ್ಸಿನವರು ಓಡಿಸುವ ಟೂರ್ ಬಸ್ಸು. ಇಬ್ಬರಿಗೆ ಟಿಕೆಟ್ ಕೊಂಡರೆ ಮೂರನೆಯವರು ಪುಕ್ಕಟೆ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಅತ್ತೆ ಮಾವ ಬರುತ್ತಿದ್ದಾರೆ ಎಂದು ಹಾಕಿದ ಐದು ನಿಮಿಷದಲ್ಲಿ ಅದರ ಲಿಂಕು ಬಂದು ಬೀಳುತ್ತದೆ, ಜೊತೆಗೆ ಪುಳಿಯೋಗರೆ ಕಟ್ಟಿಕೊಂಡು ಹೋಗಿ ಎಂಬ ಸಲಹೆ. ಅಷ್ಟು ದುಬಾರಿ ಮನೆಗಳಲ್ಲಿ ಕೂತು ಪುಕ್ಕಟೆ ಸೀಟಿಗೆ ಬಾಯಿ ಬಿಡುವ ಜನ ನಾವು. ಹೊರಗೆ ನಿಂತು ಹೇಳುತ್ತಿಲ್ಲ, ನಾನೂ ಹತ್ತಿದವಳೇ. ಆ ಬಸ್ಸಿನಲ್ಲಿ ಆದದ್ದನ್ನು ನೆನೆಸಿಕೊಂಡರೆ ಈಗಲೂ ಹೇಸಿಗೆಯಾಗುತ್ತದೆ, ಅದರಲ್ಲಿ ದೊಡ್ಡ ಪಾಲು ನನ್ನ ಮೇಲೇ.

ಚಿಕ್ಕಮ್ಮ ಮೂರು ತಿಂಗಳಿಗೆಂದು ಕ್ಯಾಂಪ್‌ಬೆಲ್‌ನ ನಮ್ಮ ಮನೆಗೆ ಬಂದಿದ್ದ ಬೇಸಿಗೆ ಅದು. ಅಮ್ಮನ ತಂಗಿ ಅವರು. ಮೈಸೂರಿನ ಬ್ಯಾಂಕೊಂದರಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು, ಮಾತು ಕಡಿಮೆ, ಕಣ್ಣು ಚುರುಕು. ಅವರನ್ನು ನಮ್ಮ ಕಾರಿನಲ್ಲೇ ಯೊಸೆಮಿಟಿಗೆ ಕರೆದುಕೊಂಡು ಹೋಗಬಹುದಿತ್ತು. ಗಂಡನಿಗೆ ಅಷ್ಟು ದೂರ ಓಡಿಸಲು ಬೇಜಾರು, ನನಗೆ ಬೆಟ್ಟದ ದಾರಿ ಎಂದರೆ ಭಯ. ಅದಕ್ಕಿಂತ ಹೆಚ್ಚಾಗಿ, ನಾವು ಸರಿಯಾಗಿ ಮೂರು ಜನ. ಮೂರನೇ ಸೀಟಿಗೆ ದುಡ್ಡಿಲ್ಲ ಎಂದು ಕಂಡಾಗ ಗಂಡನ ಮುಖದಲ್ಲಿ ಬಂದ ಕಳೆ ನಮ್ಮ ಮದುವೆಯ ದಿನವೂ ಇರಲಿಲ್ಲ. ಶನಿವಾರ ಯೊಸೆಮಿಟಿ, ರಾತ್ರಿ ಮರ್ಸೆಡ್‌ನಲ್ಲಿ ಮೋಟೆಲು, ಭಾನುವಾರ ಮಾಂಟೆರೆಯ ಕಡಲ ದಂಡೆ, ಸಂಜೆಗೆ ಸ್ಯಾನ್ ಹೊಸೆಗೆ ವಾಪಸ್. ಷರತ್ತುಗಳ ಪುಟ ಬಂದಾಗ ಅವನು ಅದನ್ನು ಸರ್ರನೆ ಕೆಳಗೆಳೆದು ಒಪ್ಪಿಗೆ ಒತ್ತಿದ. ನಾನು ಪಕ್ಕದಲ್ಲೇ ಕೂತು ನೋಡುತ್ತಿದ್ದೆ. ಕಂಪನಿಗೆ ಸಾಮಾನು ಒದಗಿಸುವವರ ಕಾಂಟ್ರಾಕ್ಟುಗಳನ್ನು ಸಾಲು ಬಿಡದೆ ಓದುವುದು ನನ್ನ ಆಫೀಸಿನ ಕೆಲಸ. ಅದಕ್ಕೇ ನನಗೆ ಸಂಬಳ ಕೊಡುತ್ತಾರೆ.

ಶನಿವಾರ ಬೆಳಿಗ್ಗೆ ಸ್ಯಾನ್ ಹೊಸೆಯ ಒಂದು ಗ್ರೋಸರಿ ಅಂಗಡಿಯ ಪಾರ್ಕಿಂಗ್ ಲಾಟಿನಲ್ಲಿ ಬಸ್ಸು ನಿಂತಿತ್ತು. ಅರ್ಧ ಬಸ್ಸಿನ ತುಂಬ ಕೆಂಪು ಟೋಪಿಯವರು. ಅವರು ನಮ್ಮ ಹಾಗೆ ಇಲ್ಲಿಯ ನಿವಾಸಿಗಳಲ್ಲ, ಚೀನಾದಿಂದಲೇ ಗುಂಪಾಗಿ ಅಮೆರಿಕ ನೋಡಲು ಬಂದವರು, ಹೆಚ್ಚಿನವರು ಅರವತ್ತು ದಾಟಿದವರು. ಅವರ ಜೊತೆ ಊರಿನಿಂದ ಬಂದ ಲೀಡರು ಒಬ್ಬ ಮುಂದಿನ ಸೀಟಿನಲ್ಲಿ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಮಲಗಿದ್ದ. ಎರಡು ದಿನ ಅವನು ಹಾಗೇ ಇದ್ದ. ಉಳಿದರ್ಧದಲ್ಲಿ ನಾವು ಮೂವರು, ಇನ್ನೆರಡು ತೆಲುಗು ಕುಟುಂಬ, ಮತ್ತೆ ಇಲ್ಲಿಯ ಚೀನೀಯರು ಕೆಲವರು. ಖಾಲಿ ಸೀಟು ತುಂಬಿಸಲು ಎರಡು ಗುಂಪನ್ನು ಒಂದು ಬಸ್ಸಿಗೆ ಹಾಕಿದ್ದರು ಎಂದು ಆಮೇಲೆ ತಿಳಿಯಿತು.

ಗೈಡಿಗೆ ನಲವತ್ತರ ಆಸುಪಾಸು. ಚೀನೀ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ಮೈಕಿನಲ್ಲಿ ಒಂದೇ ಸಮನೆ ಮಾತು. ಫ್ರೀವೇಗೆ ಬಂದ ಕೂಡಲೇ, ಇನ್ನೆರಡು ದಿನ ನಾವೆಲ್ಲ ಒಂದೇ ಮನೆಯವರು, ಒಬ್ಬೊಬ್ಬರೂ ಪರಿಚಯ ಮಾಡಿಕೊಳ್ಳೋಣ ಎಂದ. ಊರು, ಕೆಲಸ, ಮನೆಯಲ್ಲಿ ಯಾರಿದ್ದಾರೆ, ಆರೋಗ್ಯ ಹೇಗೆ, ಎಲ್ಲ ಕೇಳಿದ. ಮೈಕು ಸೀಟಿನಿಂದ ಸೀಟಿಗೆ ಹೋಯಿತು. ನನಗೆ ಆಗ ಅದು ಹಿತವಾಗಿಯೇ ಇತ್ತು, ನಮ್ಮ ಶಾಲೆಯ ಪ್ರವಾಸಗಳು ನೆನಪಾದವು. ಚಿಕ್ಕಮ್ಮ ತಮ್ಮ ಬ್ಯಾಂಕಿನ ಇಂಗ್ಲಿಷಿನಲ್ಲಿ ಊರು ಹೇಳಿ, ಮೆಟ್ಟಿಲು ಹತ್ತುವಾಗ ಮಂಡಿ ಸ್ವಲ್ಪ ಹಿಡಿಯುತ್ತದೆ ಎಂದರು. ಗೈಡು ಅದನ್ನು ಕೈಯಲ್ಲಿದ್ದ ಹಾಳೆಯಲ್ಲಿ ಬರೆದುಕೊಂಡ. ಎಷ್ಟು ಕಾಳಜಿ ಪಾಪ ಎಂದುಕೊಂಡೆ.

ಕೆಂಪು ಟೋಪಿಯವರಲ್ಲಿ ಒಬ್ಬ ಹೆಂಗಸು ನಮ್ಮ ಪಕ್ಕದ ಸಾಲಿನಲ್ಲಿದ್ದರು. ಅರವತ್ತೈದರ ಮೇಲೆ ವಯಸ್ಸು, ಕತ್ತರಿಸಿದ ನರೆಗೂದಲು, ಕುತ್ತಿಗೆಗೆ ನೇತುಹಾಕಿಕೊಂಡ ಪ್ಲಾಸ್ಟಿಕ್ ಚೀಲ. ಅದರಲ್ಲಿ ಪಾಸ್‌ಪೋರ್ಟು, ಮತ್ತೆ ನಾಲ್ಕಾಗಿ ಮಡಿಸಿದ ಕೆಲವು ಹಾಳೆ. ಅವರು ಮೈಕಿನಲ್ಲಿ ಹೇಳಿದ್ದನ್ನು ಗೈಡು ನಮಗೆ ಇಂಗ್ಲಿಷಿನಲ್ಲಿ ಹೇಳಿದ: ಚೀನಾದ ಪೂರ್ವ ಕಡಲ ದಂಡೆಯ ಒಂದು ಸಣ್ಣ ಊರು, ಪೋಸ್ಟಾಫೀಸಿನ ಕೌಂಟರಿನಲ್ಲಿ ಕೆಲಸ ಮಾಡಿ ನಿವೃತ್ತಿ, ಗಂಡ ಸಂಧಿವಾತದಿಂದ ಹಾಸಿಗೆ ಹಿಡಿದಿದ್ದಾನೆ. ಗೈಡಿನ ಪೆನ್ನು ಅಲ್ಲೂ ಓಡಿತು.

ಮರುದಿನ ಮೋಟೆಲಿನ ತಿಂಡಿ ಕೋಣೆಯಲ್ಲಿ ಚಿಕ್ಕಮ್ಮ ನಾವು ಕಟ್ಟಿಕೊಂಡು ಬಂದಿದ್ದ ಕೋಡುಬಳೆಯ ಡಬ್ಬ ಬಿಚ್ಚಿ ಆ ಹೆಂಗಸಿನ ಮುಂದೆ ಹಿಡಿದರು. ಅವರು ಒಂದು ಮುರಿದು ಬಾಯಿಗೆ ಹಾಕಿಕೊಂಡು ಖಾರಕ್ಕೆ ಕಣ್ಣು ಅಗಲಿಸಿ ಇನ್ನೊಂದು ತೆಗೆದುಕೊಂಡರು. ಆಮೇಲೆ ಇಬ್ಬರೂ ಫೋನಿನ ಅನುವಾದದ ಆ್ಯಪನ್ನು ಮಧ್ಯೆ ಇಟ್ಟುಕೊಂಡು ಮಾತಿಗೆ ಕೂತರು. ಅವರು ಚೀನೀಯಲ್ಲಿ ಹೇಳಿದರೆ ಫೋನು ಇಂಗ್ಲಿಷಿನಲ್ಲಿ ಒದರುತ್ತಿತ್ತು. ಈ ಪ್ರವಾಸದಲ್ಲಿ ಅವರಿಗೆ ಬೇಕಿದ್ದದ್ದು ಒಂದೇ. ಗಂಡ ಓಡಾಡುತ್ತಿದ್ದ ಕಾಲದಲ್ಲಿ ಇಬ್ಬರೂ ಸಂಜೆ ತಮ್ಮೂರಿನ ಕಡಲ ಎದುರು ಕೂರುತ್ತಿದ್ದರಂತೆ. ಅದೇ ಕಡಲಿನ ಈ ಕಡೆಯ ದಂಡೆಯಲ್ಲಿ ಕಾಲು ನೆನೆಸಿಕೊಂಡು ತನಗೆ ಫೋನಿನಲ್ಲಿ ತೋರಿಸು ಎಂದು ಅವನು ಹೇಳಿ ಕಳಿಸಿದ್ದ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇವರಿಗೆ ಸೇತುವೆ ತೋರಿಸಿದ್ದರು, ಅದೂ ಬಸ್ಸಿನ ಕಿಟಕಿಯಿಂದ. ಸೋಮವಾರ ಬೆಳಿಗ್ಗೆ ಗುಂಪು ಲಾಸ್ ವೇಗಸ್ಸಿಗೆ ಹಾರಿ ಅಲ್ಲಿಂದ ಊರಿಗೆ ಹೊರಡುತ್ತಿತ್ತು. ಇನ್ನು ಉಳಿದದ್ದು ಈ ಭಾನುವಾರದ ಮಾಂಟೆರೆ ಮಾತ್ರ.

ಸಿಗುತ್ತದೆ ಎಂಬ ನಂಬಿಕೆ ಅವರಿಗೆ ಪೂರ್ತಿ ಇತ್ತು, ಏಕೆಂದರೆ ಅದು ಬರಹದಲ್ಲಿತ್ತು. ಪ್ಲಾಸ್ಟಿಕ್ ಚೀಲದಿಂದ ಹಾಳೆಗಳನ್ನು ಬಿಡಿಸಿ ನಮಗೆ ತೋರಿಸಿದರು. ಟೂರಿನವರ ಜೊತೆ ಮಾಡಿಕೊಂಡ ಒಪ್ಪಂದ. ಕಡಲ ದಂಡೆ, ಎರಡು ಗಂಟೆ ಎಂಬ ಸಾಲಿನ ಕೆಳಗೆ ಕೆಂಪು ಪೆನ್ನಿನ ಗೆರೆ. ವಿದೇಶಕ್ಕೆ ಗುಂಪು ಕರೆದೊಯ್ಯುವವರಿಗೆ ಅವರ ದೇಶದ ಕಾನೂನಿನಲ್ಲಿ ಏನೇನು ಕಟ್ಟುಪಾಡಿದೆ ಎನ್ನುವುದನ್ನೂ ಅದೇ ಹಾಳೆಗಳಿಂದ ಫೋನು ಓದಿ ಹೇಳಿತು. ಬರೆದುಕೊಟ್ಟ ಜಾಗವನ್ನು ಬಿಡುವಂತಿಲ್ಲ. ಪ್ರಯಾಣಿಕರು ಲಿಖಿತವಾಗಿ ಒಪ್ಪದೆ ಗುಂಪನ್ನು ಬೇರೆ ಕಂಪನಿಗೆ ದಾಟಿಸುವಂತಿಲ್ಲ. ತಾವೇ ಗೊತ್ತುಮಾಡಿದ ಅಂಗಡಿಗೆ ಕರೆದೊಯ್ದು ನಿಲ್ಲಿಸುವಂತಿಲ್ಲ. ಹಾಗೆ ಮಾಡಿದರೆ, ಪ್ರವಾಸ ಮುಗಿದ ಮೂವತ್ತು ದಿನದೊಳಗೆ ಕೇಳಿದರೆ, ಕೊಂಡದ್ದನ್ನು ಟೂರಿನವರೇ ವಾಪಸ್ ಮಾಡಿಸಿ ಹಣ ಕೊಡಬೇಕು. ಪ್ರಯಾಣಿಕರೇ ಬಯಸಿ ಕೇಳಿದ್ದರೆ ಮಾತ್ರ ಇದು ಅನ್ವಯಿಸುವುದಿಲ್ಲ. ಕಾಂಟ್ರಾಕ್ಟು ಓದುವವಳಾದ ನಾನು ಆ ಕೊನೆಯ ಸಾಲು ಕೇಳಿದಾಗಲೇ ಎಚ್ಚರಾಗಬೇಕಿತ್ತು. ಎಷ್ಟು ಮುದ್ದಾದ ಹೆಂಗಸು ಎಂದುಕೊಳ್ಳುತ್ತ ಕಾಫಿ ಕುಡಿದೆ.

ಮರ್ಸೆಡ್‌ನಿಂದ ಮಾಂಟೆರೆಗೆ ಹೋಗುವ ದಾರಿ ಗಿಲ್‌ರಾಯ್ ಎಂಬ ಊರಿನ ಪಕ್ಕದಲ್ಲೇ ಹಾದು ಹೋಗುತ್ತದೆ. ಹನ್ನೊಂದರ ಹೊತ್ತಿಗೆ ಬಸ್ಸು ಗಿಲ್‌ರಾಯ್‌ನ ಔಟ್‌ಲೆಟ್ ಅಂಗಡಿಗಳನ್ನೂ ದಾಟಿ ಹಿಂದಿನ ರಸ್ತೆಯೊಂದಕ್ಕೆ ತಿರುಗಿ, ಕಿಟಕಿಯೇ ಇಲ್ಲದ ಒಂದು ಗೋದಾಮಿನ ಎದುರು ನಿಂತಿತು. ಬೋರ್ಡಿಲ್ಲ, ಬಾಗಿಲಿಗೆ ಬೆಲ್ಲು ಮಾತ್ರ. ಗೈಡು ಬಾಗಿಲ ಹತ್ತಿರ ನಿಂತು ಒಂದು ಹಾಳೆ ಮುಂದೆ ಕೊಟ್ಟ. ಮೇಲೆ ನಾಲ್ಕು ಸಾಲು ಚೀನೀ ಬರಹ, ಕೆಳಗೆ ಸಹಿಗೆ ಗೆರೆ. ಇದೇನು ಎಂದು ಕೇಳಿದ್ದಕ್ಕೆ, ಹಾಜರಿ, ವಿಮೆಗೆ ಬೇಕು ಎಂದ. ಹಾಳೆ ಮುಂದಿನ ಸೀಟುಗಳಿಂದ ನನ್ನ ಕೈಗೆ ಬಂತು. ಮೂರನೇ ಗೆರೆಯ ಮೇಲೆ ಕನ್ನಡದಲ್ಲಿ ಸಹಿ ಹಾಕಿದೆ. ಈ ದೇಶದಲ್ಲಿ ಇಷ್ಟು ವರ್ಷ ಎಲ್ಲ ಕಡೆ ಕನ್ನಡದಲ್ಲೇ ಸಹಿ ಮಾಡುವುದು ನನ್ನದೊಂದು ಹೆಮ್ಮೆ. ಮೇಲಿನ ನಾಲ್ಕು ಸಾಲಿಗೆ ಫೋನು ಹಿಡಿದಿದ್ದರೆ ಅರ್ಧ ನಿಮಿಷದಲ್ಲಿ ಓದಬಹುದಿತ್ತು. ಹಿಡಿಯಲಿಲ್ಲ.

ಹಾಳೆ ಪೋಸ್ಟಾಫೀಸಿನ ಹೆಂಗಸಿನ ಹತ್ತಿರ ನಿಂತಿತು. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು, ತಲೆಯಾಡಿಸಿದರು, ಪೆನ್ನು ಮುಟ್ಟದೆ ವಾಪಸ್ ಕೊಟ್ಟರು. ಗೈಡು ಮೊದಲು ನಗುನಗುತ್ತ ಹೇಳಿದ. ಆಮೇಲೆ ನಗು ಹೋಯಿತು. ಅವರು ಒಪ್ಪಂದ ಬಿಡಿಸಿ ಕೆಂಪು ಗೆರೆ ತೋರಿಸಿದರು. ಅವನು ಮೈಕು ಹಿಡಿದು ಎರಡೂ ಭಾಷೆಯಲ್ಲಿ ಹೇಳಿದ, ಒಬ್ಬರ ಸಹಿ ಬಾಕಿಯಿದೆ, ಅದಾಗುವ ತನಕ ಯಾರೂ ಇಳಿಯುವ ಹಾಗಿಲ್ಲ, ಬಸ್ಸೂ ಹೊರಡುವುದಿಲ್ಲ. ಡ್ರೈವರು ಎಂಜಿನ್ ಆರಿಸಿದ. ಏಸಿ ನಿಂತಿತು.

ಗಿಲ್‌ರಾಯ್‌ನ ಬೇಸಿಗೆ ಗೊತ್ತಿರುವವರಿಗೆ ಹೇಳಬೇಕಿಲ್ಲ. ಹತ್ತು ನಿಮಿಷಕ್ಕೆ ಕುತ್ತಿಗೆಯಲ್ಲಿ ಬೆವರು ಇಳಿಯಿತು. ಗಾಳಿಗೆ ಆ ಊರಿನ ಹೊಲಗಳ ಬೆಳ್ಳುಳ್ಳಿ ವಾಸನೆ, ಒಳಗೆ ನಲವತ್ತು ಜನರ ಸಾಕ್ಸಿನದು, ಯಾರೋ ಸಿಪ್ಪೆ ಸುಲಿದ ಕಿತ್ತಳೆಯದು. ಕೋಪ ಬಂದದ್ದು ಗೈಡಿನ ಮೇಲಲ್ಲ ಎಂಬುದನ್ನು ನೋಡಿ. ಬಸ್ಸಿಗೆ ಬಸ್ಸೇ ಆ ಹೆಂಗಸಿನ ಮೇಲೆ ತಿರುಗಿತು. ಅವರದೇ ಗುಂಪಿನವರು ಹಿಂದಿನಿಂದ ಗೊಣಗಿದರು, ಒಬ್ಬಾತ ಎದ್ದು ನಿಂತು ಗದರಿದ. ತೆಲುಗಿನವರು ಏನು ಹಟ ಅಂದರು. ನನ್ನ ಗಂಡ ಬಿಎಸ್ಸೆನ್ನೆಲ್ ಆಫೀಸಿನ ಸಾಲಿನಲ್ಲಿ ನಿಂತವನ ದನಿಯಲ್ಲಿ, ಒಂದು ಸಹಿಗೆ ಇಷ್ಟೆಲ್ಲ ನಾಟಕ ಬೇಕಾ ಅಂದ. ಅವರು ಮಾತ್ರ ಪ್ಲಾಸ್ಟಿಕ್ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಎದುರಿನ ಸೀಟಿನ ಬೆನ್ನು ನೋಡುತ್ತ ಕೂತಿದ್ದರು. ಆಗ ನಾನು ಎದ್ದೆ.

ಯಾರೂ ನನಗೆ ಹೇಳಿರಲಿಲ್ಲ. ಜಗಳ ಬಿಡಿಸುವುದು, ಸ್ವಲ್ಪ ಅಡ್ಜಸ್ಟ್ ಮಾಡಿಸುವುದು, ಇದರಲ್ಲಿ ನನ್ನನ್ನು ಬಿಟ್ಟರಿಲ್ಲ ಎಂಬ ಭ್ರಮೆ ನನಗೆ ಮೊದಲಿನಿಂದ ಇದೆ. ಅವರ ಪಕ್ಕ ಬಗ್ಗಿ ಕೂತು ಫೋನಿಗೆ ಇಂಗ್ಲಿಷಿನಲ್ಲಿ ಹೇಳಿದೆ: ನನ್ನ ಚಿಕ್ಕಮ್ಮನಿಗೆ ಮೈ ಸರಿಯಿಲ್ಲ, ತುಂಬ ಹೊತ್ತಿನಿಂದ ತಡೆದುಕೊಂಡಿದ್ದಾರೆ, ಬಾತ್‌ರೂಮಿಗೆ ಹೋಗಲೇಬೇಕು, ದಯವಿಟ್ಟು. ಫೋನು ಅದನ್ನು ಚೀನೀಯಲ್ಲಿ ಹೇಳಿತು. ನಾನು ಕೈ ಮುಗಿದೆ. ಚಿಕ್ಕಮ್ಮನಿಗೆ ಏನೂ ಆಗಿರಲಿಲ್ಲ. ಮೋಟೆಲಿನಲ್ಲಿ ಹೋಗಿ ಬಂದಿದ್ದರು, ಕಿಟಕಿಗೆ ಒರಗಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ನಾವು ಮಾತಾಡಿದ್ದು ಅವರಿಗೆ ಕೇಳಿಸಿರಲೂ ಇಲ್ಲ.

ಆ ಹೆಂಗಸು ತಿರುಗಿ ಚಿಕ್ಕಮ್ಮನನ್ನು ನೋಡಿದರು. ಬೆವರಿದ ಹಣೆ, ಮುಚ್ಚಿದ ಕಣ್ಣು. ಒಂದು ಕ್ಷಣ ಹಾಗೇ ನೋಡಿ, ಗೈಡಿನ ಕಡೆ ಕೈ ಚಾಚಿ ಹಾಳೆ ಇಸಿದುಕೊಂಡು ಸಹಿ ಹಾಕಿದರು. ಬಸ್ಸಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಗಂಡ ನನ್ನ ಕಡೆ ಹೆಬ್ಬೆರಳೆತ್ತಿ ತೋರಿಸಿದ. ನನಗೂ ಒಳಗೊಳಗೇ ಖುಷಿಯಾಯಿತು. ಇದನ್ನು ಬರೆಯುವಾಗ ಕೈ ಹಿಂದೆಗೆಯುತ್ತದೆ, ಆದರೆ ಆದದ್ದು ಹಾಗೇ.

ಗೋದಾಮಿನ ಬಾಗಿಲಲ್ಲಿ ಒಬ್ಬೊಬ್ಬರ ಎದೆಗೂ ನಂಬರಿನ ಸ್ಟಿಕ್ಕರು ಅಂಟಿಸಿದರು, ಯಾರು ಯಾವ ಗೈಡು ತಂದ ಜನ ಎಂದು ಗೊತ್ತಾಗಲು. ಸಂತೆಯಲ್ಲಿ ದನಕ್ಕೆ ಬಣ್ಣ ಹಚ್ಚುವುದಕ್ಕೂ ಅದಕ್ಕೂ ವ್ಯತ್ಯಾಸ ಕಾಣಲಿಲ್ಲ. ನಾವು ಒಳಗೆ ಬಂದದ್ದೇ ಬಾಗಿಲು ಹಾಕಿಕೊಂಡಿತು. ಮೀನೆಣ್ಣೆಯ ನಾತ, ಅದರ ಮೇಲೆ ಮಲ್ಲಿಗೆಯ ರೂಮ್ ಸ್ಪ್ರೇ, ಎರಡೂ ಸೇರಿ ಗಂಟಲಿಗೆ ಹತ್ತಿಕೊಂಡವು. ಗೋಡೆಯುದ್ದಕ್ಕೂ ಡಬ್ಬಗಳು: ಲಿವರಿಗೆ, ಕಣ್ಣಿಗೆ, ನೆನಪಿಗೆ. ಕೆಂಪು ಟೋಪಿಯವರನ್ನು ಒಂದು ಕೋಣೆಗೆ ಕರೆದೊಯ್ದು ಕೂರಿಸಿದರು. ಬಿಳಿ ಕೋಟಿನವನೊಬ್ಬ ಪರದೆಯ ಮೇಲೆ ಕೊಳೆತ ಲಿವರಿನ ಚಿತ್ರ ತೋರಿಸಿ ಪಾಠ ಮಾಡುತ್ತಿದ್ದ. ಪಾಠ ಚೀನೀ ಭಾಷೆಯಲ್ಲಾದ್ದರಿಂದ ನಮಗೆ ರಿಯಾಯಿತಿ. ಪೇಪರ್ ಕಪ್ಪಿನಲ್ಲಿ ಕಾಫಿ ಕೊಟ್ಟು ಮಸಾಜ್ ಕುರ್ಚಿಗಳಲ್ಲಿ ಕೂರಿಸಿದರು. ಗಂಡ ಕಣ್ಣು ಮುಚ್ಚಿ, ಇದೂ ಪುಕ್ಕಟೆ ಅಂದ.

ಐದು ನಿಮಿಷ ಆಗಿರಲಿಲ್ಲ, ಒಬ್ಬಳು ಹುಡುಗಿ ನೇರ ಚಿಕ್ಕಮ್ಮನ ಹತ್ತಿರ ಬಂದು, ಮೇಡಂ, ನಿಮ್ಮ ಮಂಡಿ ನೋವಿಗೆ ಎನ್ನುತ್ತ ಡಬ್ಬವೊಂದನ್ನು ಕೈಗಿಟ್ಟಳು. ಚಿಕ್ಕಮ್ಮ ಡಬ್ಬ ನೋಡಿದರು, ಅವಳ ಮುಖ ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು.

"ನನ್ನ ಮಂಡಿ ವಿಷ್ಯ ಇವಳಿಗೆ ಯಾರು ಹೇಳಿದ್ದು?"

ನನಗೆ ಆಗ ಹೊಳೆಯಿತು. ಮೈಕಿನ ಪರಿಚಯ, ಗೈಡಿನ ಪೆನ್ನು, ಒಂದೇ ಮನೆಯವರು. ನಾವೇ ಬಾಯಿಬಿಟ್ಟು ಒಪ್ಪಿಸಿದ ಕಾಯಿಲೆಗಳ ಪಟ್ಟಿ ನಮಗಿಂತ ಮುಂಚೆ ಈ ಗೋದಾಮು ಸೇರಿತ್ತು. ಬಾಯಿಯಲ್ಲಿದ್ದ ಕಾಫಿಯನ್ನು ಕಪ್ಪಿಗೇ ಉಗುಳಿದೆ.

ಚಿಕ್ಕಮ್ಮನೇನೋ ಡಬ್ಬವನ್ನು ಕುರ್ಚಿಯ ಕೈ ಮೇಲೆ ಇಟ್ಟು ಎದ್ದು ಬಂದರು. ಪಾಠದ ಕೋಣೆಯ ಗಾಜಿನಿಂದ ಒಳಗೆ ಕಾಣುತ್ತಿತ್ತು. ಒಬ್ಬೊಬ್ಬರೇ ಚೀಲ ಹಿಡಿದು ಹೊರಗೆ ಬರುತ್ತಿದ್ದರು. ಚೀಲವಿಲ್ಲದವರು ಇನ್ನೂ ಕೂತಿದ್ದರು. ಕೊನೆಗೆ ಪೋಸ್ಟಾಫೀಸಿನ ಹೆಂಗಸು ಒಬ್ಬರೇ ಉಳಿದರು. ಅವರ ಎರಡೂ ಪಕ್ಕದಲ್ಲಿ ಗೈಡು ಮತ್ತು ಬಿಳಿ ಕೋಟು, ಎದುರಿನ ಪರದೆಯಲ್ಲಿ ಹಾಸಿಗೆಯಿಂದ ಎದ್ದು ನಡೆಯುವ ಮುದುಕನ ಚಿತ್ರ. ಗಂಡ ಹಾಸಿಗೆ ಹಿಡಿದಿರುವುದನ್ನೂ ಅವರೇ ಮೈಕಿನಲ್ಲಿ ಹೇಳಿದ್ದರಲ್ಲ. ಮಾತು ಕೇಳಿಸುತ್ತಿರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಅವರು ಎದ್ದು ಕೌಂಟರಿಗೆ ಹೋದರು. ಹೊರಗೆ ಬಂದಾಗ ಎದೆಗೆ ಒತ್ತಿ ಹಿಡಿದ ದೊಡ್ಡ ಚೀಲ, ನೆಲ ನೋಡುತ್ತ ನಡೆದರು.

ಬಸ್ಸು ಹತ್ತಿದ ಮೇಲೆ ಗೈಡು ಮೈಕಿನಲ್ಲಿ ವಿಷಾದ ಹೇಳಿದ. ಡ್ರೈವರಿಗೆ ದಿನಕ್ಕೆ ಇಷ್ಟೇ ಗಂಟೆ ಓಡಿಸಬೇಕೆಂಬ ಸರ್ಕಾರದ ನಿಯಮವಿದೆ, ಬೆಳಿಗ್ಗೆ ಸಹಿಯ ಗಲಾಟೆಯಲ್ಲಿ ಹೊತ್ತು ಹೋಯಿತು, ಈಗ ಮಾಂಟೆರೆಗೆ ಹೋದರೆ ನಿಯಮ ಮುರಿದಂತಾಗುತ್ತದೆ. ನಿಯಮ ಎಂಬ ಮಾತನ್ನು ಅವನು ಒತ್ತಿ ಹೇಳಿದ. ಎರಡು ದಿನದಲ್ಲಿ ಅವನಿಗೆ ನೆನಪಾದ ಏಕೈಕ ನಿಯಮ ಅದು. ಬಸ್ಸು ಉತ್ತರಕ್ಕೆ ತಿರುಗಿತು. ಕಡಲು ನಮ್ಮ ಎಡಗಡೆ, ಬೆಟ್ಟದ ಆಚೆ, ಒಂದು ಗಂಟೆಯ ದಾರಿಯಲ್ಲಿ ಉಳಿಯಿತು. ಆ ಹೆಂಗಸು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮಡಿಲಿನಲ್ಲಿ ಚೀಲವಿತ್ತು.

ನಮ್ಮನ್ನು ಸ್ಯಾನ್ ಹೊಸೆಯ ಪಾರ್ಕಿಂಗ್ ಲಾಟಿನಲ್ಲಿ ಇಳಿಸಿದಾಗ ಮೂರೂವರೆ. ಬಿಸಿಲು ಇನ್ನೂ ಜೋರಾಗಿತ್ತು. ನಮ್ಮ ಕಾರು ಅಲ್ಲೇ ನಿಂತಿತ್ತು, ಏಳು ಸೀಟಿನದು. ಬೆಟ್ಟ ದಾಟಿದರೆ ಸಾಂಟಾ ಕ್ರೂಜ್‌ನ ಕಡಲು ಮುಕ್ಕಾಲು ಗಂಟೆ. ಗುಂಪು ಆ ರಾತ್ರಿ ಉಳಿಯುತ್ತಿದ್ದದ್ದು ಏರ್‌ಪೋರ್ಟಿನ ಹತ್ತಿರದ ಹೋಟೆಲಿನಲ್ಲಿ. ಆ ಹೆಂಗಸನ್ನು ಕರೆದುಕೊಂಡು ಹೋಗಿ ಕಾಲು ನೆನೆಸಿ, ಅವರ ಗಂಡನಿಗೆ ಫೋನು ಮಾಡಿಸಿ, ಊಟದ ಹೊತ್ತಿಗೆ ಹೋಟೆಲಿಗೆ ಬಿಡಬಹುದಿತ್ತು. ಈ ಯೋಚನೆ ನನಗೆ ಆಮೇಲೆ ಬಂದದ್ದಲ್ಲ, ಅಲ್ಲಿ ನಿಂತಾಗಲೇ ಬಂದಿತ್ತು. ಚಿಕ್ಕಮ್ಮ ಬಾಯಿಬಿಟ್ಟೇ ಹೇಳಿದರು, ಪಾಪ ಅವರನ್ನ ನಾವೇ ಕರ್ಕೊಂಡು ಹೋಗೋಣ್ವಾ ಎಂದು. ಗಂಡ ಭಾನುವಾರ ಸಂಜೆಯ ಟ್ರಾಫಿಕ್ಕು, ಸೋಮವಾರ ಬೆಳಿಗ್ಗೆಯ ಮೀಟಿಂಗು ಎಂದ. ನಾನು ಮನೆಯಲ್ಲಿ ಹಾಲಿಲ್ಲ ಎಂದೆ. ಹಾಲು. ಅವರೂ ನಾನೂ ಫೋನಿನಲ್ಲಿ ಒಬ್ಬರನ್ನೊಬ್ಬರು ಸೇರಿಸಿಕೊಂಡು, ಸಂಪರ್ಕದಲ್ಲಿರೋಣ ಎಂದು ಕೈ ಕುಲುಕಿ ಬಂದೆವು.

ಮೂರು ವಾರದ ಮೇಲೆ ಅವರ ಸಂದೇಶ ಬಂತು, ಯಂತ್ರದ ಇಂಗ್ಲಿಷಿನಲ್ಲಿ. ಊರಿಗೆ ಹೋಗಿ ಅವರು ಡಬ್ಬಗಳನ್ನು ಬಿಚ್ಚಿಯೂ ನೋಡಿರಲಿಲ್ಲ. ಮೂವತ್ತು ದಿನದೊಳಗೆ ವಾಪಸ್ ಮಾಡಿಸಬೇಕೆಂದು, ಕಡಲ ದಂಡೆ ತಪ್ಪಿಸಿದ್ದು ತಪ್ಪೆಂದು ಬರೆದುಕೊಡಬೇಕೆಂದು ಅಲ್ಲಿಯ ಪ್ರವಾಸ ಇಲಾಖೆಗೆ ದೂರು ಕೊಟ್ಟಿದ್ದರು. ಹಣಕ್ಕಿಂತ ಆ ಎರಡನೆಯದೇ ಅವರಿಗೆ ಮುಖ್ಯವಾಗಿತ್ತು ಎಂದು ಓದಿದರೆ ತಿಳಿಯುತ್ತಿತ್ತು. ಟೂರಿನವರು ಉತ್ತರವಾಗಿ ಒಂದೇ ಹಾಳೆ ಹಾಜರುಪಡಿಸಿದ್ದರು. ಆ ಹೆಂಗಸು ಅದರ ಫೋಟೋ ನನಗೆ ಕಳಿಸಿದ್ದರು. ಮೂರನೇ ಗೆರೆಯಲ್ಲಿ ನನ್ನ ಸಹಿ, ದುಂಡಗೆ, ಅಚ್ಚುಕಟ್ಟಾಗಿ, ಆ ಹಾಳೆಯಲ್ಲಿ ಕನ್ನಡದ್ದು ಅದೊಂದೇ. ಮೇಲಿನ ನಾಲ್ಕು ಸಾಲಿಗೆ ಈಗ ಫೋನು ಹಿಡಿದೆ. ನಾವೆಲ್ಲರೂ ನಮ್ಮ ಸ್ವಂತ ಇಚ್ಛೆಯಿಂದ ಈ ಅಂಗಡಿಗೆ ಕರೆದೊಯ್ಯಲು ಕೋರುತ್ತೇವೆ, ಅದಕ್ಕಾಗಿ ಕಡಲ ದಂಡೆಯ ಭೇಟಿಯನ್ನು ನಮ್ಮ ಸ್ವಂತ ಇಚ್ಛೆಯಿಂದ ಬಿಟ್ಟುಕೊಡುತ್ತೇವೆ. ಅಂಗಡಿಯೊಳಗೆ ಕಾಲಿಡುವ ಮೊದಲೇ ಗೈಡು ಕಡಲನ್ನು ಬರೆಸಿಕೊಂಡಿದ್ದ. ಡ್ರೈವರಿನ ಗಂಟೆಗಳೆಲ್ಲ ಬರೀ ಬೊಗಳೆ. ಕೌಂಟರಿನಲ್ಲಿ ಕೂತು ಒಂದು ಆಯಸ್ಸೆಲ್ಲ ಓದದೆ ಠಸ್ಸೆ ಒತ್ತದ ಹೆಂಗಸಿನ ಸಹಿ ಆ ಸಾಲಿನ ಕೆಳಗಿತ್ತು, ನಾನು ಕೈ ಮುಗಿದದ್ದಕ್ಕೆ ಬಿದ್ದ ಸಹಿ.

ಅವರು ಕೇಳಿದ್ದು ಇಷ್ಟೇ: ನೀವು ನೋಡಿದ್ದನ್ನು ನೋಡಿದ ಹಾಗೆ ಬರೆದುಕೊಡಿ. ಹಾಜರಿ ಎಂದು ಸುಳ್ಳು ಹೇಳಿದ್ದು, ಇಳಿಯಲು ಬಿಡದೆ ಏಸಿ ಆರಿಸಿದ್ದು. ಅವರ ಗುಂಪಿನವರು ಯಾರೂ ಬರೆದುಕೊಡಲು ಒಪ್ಪಿರಲಿಲ್ಲ. ಹೊರಗಿನವರ ಮಾತಿಗೆ ಬೆಲೆಯಿದೆ ಎಂದು ಅಲ್ಲಿಯ ಅಧಿಕಾರಿ ಹೇಳಿದ್ದರಂತೆ.

ಗಂಡನಿಗೆ ತೋರಿಸಿದೆ. ಅವನು ಆ ಬಸ್ಸಿಗೆ ಆಗಲೇ ಐದು ಸ್ಟಾರ್ ಕೊಟ್ಟು ರಿವ್ಯೂ ಬರೆದಿದ್ದ. ಬರೆದರೆ ಮುಂದಿನ ಟ್ರಿಪ್ಪಿಗೆ ಕೂಪನ್ನು ಸಿಗುತ್ತಿತ್ತು, ಅವನ ಅಣ್ಣ ಅತ್ತಿಗೆ ಡಿಸೆಂಬರಿನಲ್ಲಿ ಬರುವವರಿದ್ದರು.

"ಸುಮ್ನೆ ಯಾಕೆ ನಮಗೆ ಇಲ್ಲದ ತಲೆನೋವು? ನೀನು ಸೈನ್ ಮಾಡಿದೀಯ. ಕಾಂಟ್ರಾಕ್ಟ್ ಕೆಲ್ಸದವಳು ಓದದೆ ಸೈನ್ ಮಾಡಿದೆ ಅಂತ ನೀನೇ ಬರ್ಕೊಡ್ತೀಯಾ?"

ಅವನು ಹೇಳಿದ್ದು ಸಣ್ಣ ಮಾತು. ಆದರೆ ಅದು ನಾನು ಆಗಲೇ ನನಗೆ ಹೇಳಿಕೊಂಡಿದ್ದ ಮಾತಾದ್ದರಿಂದ ಜಗಳವಾಡಲೂ ಆಗಲಿಲ್ಲ. ಆದದ್ದನ್ನು ಆದಂತೆ ಬರೆಯಬೇಕೆಂದರೆ ನನ್ನ ಸುಳ್ಳನ್ನೂ ಬರೆಯಬೇಕಿತ್ತು. ಆ ಹೆಂಗಸನ್ನು ಮಣಿಸಿದ್ದು ಗೈಡಲ್ಲ, ಏಸಿಯಲ್ಲ, ನಾನು. ಗೈಡು ಬೆದರಿಸಿದಾಗ ಅವರು ಜಗ್ಗಿರಲಿಲ್ಲ.

ಒಂದು ವಾರ ತಳ್ಳಿದೆ. ಅವರು ಮತ್ತೊಮ್ಮೆ ಕೇಳಲಿಲ್ಲ, ಒಂದು ಹೂವಿನ ಚಿತ್ರ ಕಳಿಸಿದರು, ಅಷ್ಟೇ. ಕೊನೆಗೊಂದು ಮಧ್ಯಾಹ್ನ ಆಫೀಸಿನ ಊಟದ ಬಿಡುವಿನಲ್ಲಿ ಬರೆದೆ. ನನಗೆ ಬರುವ ವಿದ್ಯೆಯೆಲ್ಲ ಅದರಲ್ಲಿತ್ತು. ನನಗೆ ನೆನಪಿರುವ ಮಟ್ಟಿಗೆ ಹಾಳೆಯ ವಿಷಯ ಎಲ್ಲರಿಗೂ ಸ್ಪಷ್ಟವಾಗಿದ್ದಂತೆ ಕಾಣಲಿಲ್ಲ. ಬಸ್ಸಿನೊಳಗೆ ಸ್ವಲ್ಪ ಕಾಲ ಅನನುಕೂಲವಿತ್ತು. ಕೊಂಚ ಚರ್ಚೆಯ ನಂತರ ಸದರಿ ಪ್ರಯಾಣಿಕರು ಸಹಿ ಮಾಡಿದರು. ಒಂದೊಂದು ವಾಕ್ಯವೂ ನಿಜ. ಎದುರು ಕಂಪನಿಯವರು ಇಂಥ ಪತ್ರ ಕಳಿಸಿದರೆ ಕೆಂಪು ಪೆನ್ನಿನಿಂದ ಗೆರೆ ಹೊಡೆದು, ಯಾರು ಮಾಡಿದ್ದು, ಏನು ಮಾಡಿದ್ದು ಎಂದು ವಾಪಸ್ ಕಳಿಸುವವಳು ನಾನು. ಕಳಿಸಿ, ಕೈ ತೊಳೆದು, ಡಬ್ಬದ ಮೊಸರನ್ನ ತಿಂದೆ.

ಉತ್ತರ ಬರುವ ಹೊತ್ತಿಗೆ ಚಿಕ್ಕಮ್ಮ ಮೈಸೂರಿಗೆ ಹೊರಡಲು ನಾಲ್ಕು ದಿನವಿತ್ತು. ಶನಿವಾರ ಬೆಳಿಗ್ಗೆ ಅವರು ಡೈನಿಂಗ್ ಟೇಬಲಿನಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ಫೋನು ಸದ್ದಾಯಿತು. ಯಾರದು ಎಂದರು. ಆ ಪೋಸ್ಟಾಫೀಸಿನವರದು ಎಂದದ್ದಕ್ಕೆ, ಓದು ಎಂದರು. ದೂರಿನ ವಿಷಯ ಅವರಿಗೆ ಗೊತ್ತಿತ್ತು, ನನ್ನ ಪತ್ರದ ವಿಷಯವೂ ಗೊತ್ತಿತ್ತು. ಗೊತ್ತಿರದಿದ್ದದ್ದು ಒಂದೇ.

ನಾನು ಕನ್ನಡದಲ್ಲಿ ಹೇಳುತ್ತ ಹೋದೆ. ದೂರು ಬಿದ್ದುಹೋಗಿತ್ತು. ಚರ್ಚೆಯ ನಂತರ ಸಹಿ ಮಾಡಿದರೆಂದು ಸಹಪ್ರಯಾಣಿಕರೇ ಹೇಳಿರುವುದರಿಂದ ಬಲವಂತ ಆಗಿಲ್ಲ ಎಂದು ತೀರ್ಮಾನಿಸಿದ್ದರು. ಡಬ್ಬಗಳೂ ವಾಪಸ್ ಹೋಗುವುದಿಲ್ಲ. ಆಮೇಲೆ ಅವರು ಬರೆದಿದ್ದರು: ನಿಮಗೆ ತೊಂದರೆ ಕೊಟ್ಟೆ, ಕ್ಷಮಿಸಿ. ಬರೆದುಕೊಟ್ಟದ್ದಕ್ಕೆ ಕೃತಜ್ಞತೆಗಳು. ಗಂಡನಿಗೂ ಎಲ್ಲ ಹೇಳಿದ್ದೇನೆ. ಮೈ ಸರಿಯಿಲ್ಲದವರಿಗಾಗಿ ಸಹಿ ಹಾಕಿದೆಯಲ್ಲ, ಅದರಲ್ಲಿ ತಪ್ಪಿಲ್ಲ, ಕಡಲು ಎಲ್ಲಿಗೂ ಹೋಗುವುದಿಲ್ಲ ಎಂದ. ನಿಮ್ಮ ಚಿಕ್ಕಮ್ಮನಿಗೆ ಆ ದಿನ ಬಸ್ಸಿನಲ್ಲಿ ಅಷ್ಟು ಕಷ್ಟವಾಗಿತ್ತು, ಈಗ ಹೇಗಿದ್ದಾರೆ?

ಓದುತ್ತಾ ಓದುತ್ತಾ ಕೊನೆಯ ಸಾಲನ್ನೂ ಓದಿಬಿಟ್ಟಿದ್ದೆ. ಚಿಕ್ಕಮ್ಮನ ಕೈ ನಿಂತಿತು.

"ನನಗೇನಾಗಿತ್ತು ಬಸ್ಸಲ್ಲಿ?"

ನಾನು ಹೇಳಿದೆ. ಬಾತ್‌ರೂಮು, ತಡೆದುಕೊಂಡಿದ್ದು, ಕೈ ಮುಗಿದದ್ದು, ಎಲ್ಲ. ಚಿಕ್ಕಮ್ಮ ಬೈಯಲಿಲ್ಲ. ಒಂದು ಹುರುಳಿಕಾಯಿಯನ್ನು ಎರಡೂ ತುದಿ ಮುರಿದು ನಾರು ಎಳೆದು ಪಾತ್ರೆಗೆ ಹಾಕಿದರು.

"ನಂಗೇನೂ ಆಗಿರ್ಲಿಲ್ಲ ಅಂತ ಬರಿ ಅವರಿಗೆ. ನನ್ನ ಹೆಸರು ಹಾಕಿ ಬರಿ. ಬೇಕಾದ್ರೆ ನಾನು ಸೈನ್ ಮಾಡ್ತೀನಿ."

ಹೂಂ ಎಂದೆ. ಅವರು ಪಾತ್ರೆ ಎತ್ತಿಕೊಂಡು ಒಳಗೆ ಹೋಗಿ ನಲ್ಲಿ ತಿರುಗಿಸಿದರು. ನಾನು ಫೋನು ಕೈಗೆತ್ತಿಕೊಂಡೆ. ಬರೆದೆ: ಕೇಳಿದ್ದಕ್ಕೆ ಧನ್ಯವಾದಗಳು, ಚಿಕ್ಕಮ್ಮ ಈಗ ಹುಷಾರಾಗಿದ್ದಾರೆ.